ಮೊಣಕೈಗೆ ಸಿಗುತ್ತಿದ್ದ ಹಳದಿ ಬಟನ್

ಕಳೆದ ಗುರುವಾರ ಮನೆಗೆ ಬಂದ ಅತಿಥಿಯ ಮುಖಕ್ಕೇ ಹೇಳಿಬಿಟ್ಟೆ.

"ನೀ ಮಾಡಿದ್ದು ಛಲೋ ಇಲ್ಲವಾ ತಂಗಿ."

ಹೇಳಿ, ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ. ಐವತ್ತಮೂರು ವರ್ಷದ ಬಾಳಿನಲ್ಲಿ ಹೊಸ್ತಿಲು ದಾಟಿ ಒಳಗೆ ಬಂದವರಿಗೆ ನಾನು ಇಂಥ ಮಾತು ಆಡಿದ್ದು ಇದೇ ಮೊದಲು. ಒಳಗಿನಿಂದ ನಮ್ಮ ಮನೆಯವರು ಕೆಮ್ಮಿದರು. ಅವರ ಕೆಮ್ಮಿನಲ್ಲಿ ನಾಲ್ಕೈದು ಬಗೆ ಇವೆ. ಇದು 'ಸಾಕು ಮಾಡು' ಅನ್ನುವ ಕೆಮ್ಮು.

ನಾನು ಸಾಕು ಮಾಡಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ನನ್ನದು ತಪ್ಪು ಅನ್ನಿಸಿದರೆ ಬೈಯಿರಿ. (ಇದೇ ಅಂಕಣದಲ್ಲಿ ಕುಕ್ಕರ್ ಸೀಟಿಯ ಬಗ್ಗೆ ಬರೆದಾಗ ನೀವು ಬೈದದ್ದು ನೆನಪಿದೆ. ಅದನ್ನೂ ತಡೆದುಕೊಂಡಿದ್ದೇನೆ.)

ಬನಹಟ್ಟಿಯಲ್ಲಿ ನಮ್ಮ ಮನೆಗೂ ಕಸ್ತೂರಿಯ ಮನೆಗೂ ಒಂದೇ ಗೋಡೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ತವರು ಸಾವಳಗಿ. ಒಂಬತ್ತನೆಯದು ಮುಗಿಯುತ್ತಲೇ ಶಾಲೆ ಬಿಡಿಸಿದರು. ಅವರ ಮನೆಯಲ್ಲಿ ಇನ್ನೂ ಕೈಮಗ್ಗ ಇದೆ, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಮಾವ, ಗಂಡ ಸರದಿಯ ಮೇಲೆ ಸೀರೆ ನೇಯುತ್ತಾರೆ, ಕಸ್ತೂರಿ ಅವರಿಗೆ ಕಂಡಿಕೆ ಸುತ್ತಿಕೊಡುತ್ತಾಳೆ. ಅಂದರೆ ಲಡಿಯಲ್ಲಿರುವ ನೂಲನ್ನು ರಾಟಿ ತಿರುಗಿಸುತ್ತ ಬೆರಳುದ್ದದ ಕೊಳವೆಗೆ ಸುತ್ತುವುದು. ಆ ಕೊಳವೆ ಲಾಳಿಯೊಳಗೆ ಕೂತರೆ ಮಗ್ಗ ಓಡುತ್ತದೆ. ಬಲಗೈ ರಾಟಿ ತಿರುಗಿಸಬೇಕು, ಎಡಗೈಯ ಎರಡು ಬೆರಳ ನಡುವೆ ನೂಲು ಜಾರಬೇಕು. ಬಲಗೈ ಬಿಟ್ಟರೆ ರಾಟಿ ನಿಲ್ಲುತ್ತದೆ, ಎಡಗೈ ಬಿಟ್ಟರೆ ನೂಲು ಹರಿದು ತುಂಡಾಗುತ್ತದೆ.

ಈ ಕಸ್ತೂರಿ ಈ ಸಲ ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟಿದ್ದಾಳೆ. ನಮ್ಮ ಓಣಿಯ ಅಂಗನವಾಡಿಯ ಸಹಾಯಕಿ ಇನ್ನೊಂದು ವರ್ಷಕ್ಕೆ ನಿವೃತ್ತಿ. ಆ ಜಾಗಕ್ಕೆ ಅರ್ಜಿ ಹಾಕಬೇಕಾದರೆ ಹತ್ತನೆಯದು ಪಾಸಾಗಿರಬೇಕು. ಕಸ್ತೂರಿಗೆ ಬೇಕಾಗಿರುವುದು ಅಷ್ಟೇ. ಮನೆಯಿಂದ ನಲವತ್ತು ಹೆಜ್ಜೆ ದೂರದ ಕೆಲಸ, ಮಕ್ಕಳ ಗದ್ದಲ, ತಿಂಗಳಿಗೊಮ್ಮೆ ತನ್ನ ಸಹಿ.

ಪಾಠ ಎಲ್ಲಿ? ಫೋನಿನಲ್ಲಿ. ಒಂದು ಕಲಿಕೆಯ ಆ್ಯಪ್. ನಮ್ಮ ಓಣಿಯವರು ಅದಕ್ಕೆ ಇಟ್ಟ ಹೆಸರು 'ಫೋನ್ ಸಾಲಿ'. ಅದರ ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ, ಮಾಡಿದವರ ಮನೆಯಲ್ಲೂ ಒಲೆ ಉರಿಯಬೇಕಲ್ಲ.

ಹಳೆಯ ಫೋನ್ ಸಾಲಿ ನೋಡಲು ಚೆಂದ ಇರಲಿಲ್ಲ. ಬಣ್ಣ ಮಾಸಿದ ಕ್ಯಾಲೆಂಡರ್ ಇದ್ದ ಹಾಗಿತ್ತು. ಒಬ್ಬ ಮೇಷ್ಟ್ರು ಕರಿಹಲಗೆಯ ಮುಂದೆ ನಿಂತು ನಿಧಾನ ಹೇಳುತ್ತಿದ್ದರು. ಕೆಳಗೆ ಅಂಗೈಯಗಲದ ಒಂದು ಹಳದಿ ಪಟ್ಟಿ. ಅದರ ಮೇಲೆ ಬರೆದದ್ದು: 'ಮತ್ತೊಮ್ಮೆ ಹೇಳಿ'. ಒತ್ತಿದರೆ ಮೇಷ್ಟ್ರು ಈಗ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಿದ್ದರು. ಹತ್ತು ಸಲ ಒತ್ತಿದರೆ ಹತ್ತು ಸಲ. ಬೇಸರ ಇಲ್ಲ, ಸಿಟ್ಟಿಲ್ಲ, 'ಎಷ್ಟ್ ಸಲ ಹೇಳ್ಬೇಕ ನಿನಗ' ಇಲ್ಲ. ಇಂಥ ಗುರು ಪ್ರಪಂಚದಲ್ಲಿ ಯಾರಿಗೆ ಸಿಕ್ಕಿದ್ದಾನೆ?

ಕಸ್ತೂರಿ ಏನು ಮಾಡಿದ್ದಳು ಗೊತ್ತೆ? ಎಡಗಡೆಗೆ ಹಿಟ್ಟಿನ ಡಬ್ಬಿ ಇಟ್ಟು ಅದರ ಮೇಲೆ ಫೋನ್ ಮಲಗಿಸುತ್ತಿದ್ದಳು. ಬಲಗೈ ರಾಟಿಯಲ್ಲಿ, ಎಡಗೈ ನೂಲಿನಲ್ಲಿ, ಕಿವಿ ಮೇಷ್ಟ್ರಲ್ಲಿ. ತಿಳಿಯದಿದ್ದಾಗ ಎಡ ಮೊಣಕೈ ತುಸು ಕೆಳಗಿಳಿಸಿ ಆ ಹಳದಿ ಬಟನ್ ಒತ್ತುವುದು. ನೂಲು ಹರಿಯದು, ರಾಟಿ ನಿಲ್ಲದು. (ರವಿಕೆಯ ತೋಳು ಮೊಣಕೈವರೆಗೆ ಬರದಿದ್ದುದು ಅವಳ ಪುಣ್ಯ. ಬಟ್ಟೆಯ ಮೇಲಿಂದ ಒತ್ತಿದರೆ ಫೋನಿಗೆ ತಿಳಿಯುವುದಿಲ್ಲವಂತೆ.)

ಮಧ್ಯಾಹ್ನ ನಾನು ಅಲ್ಲೇ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಹೀಗೆ ಕಿವಿಗೆ ಬಿದ್ದು ಬಿದ್ದು ನನಗೂ ಆಮ್ಲ, ಪ್ರತ್ಯಾಮ್ಲ ಬಂದವು. ಹುಣಸೆಹಣ್ಣಿನಿಂದ ಪೂಜೆಯ ತಂಬಿಗೆ ಯಾಕೆ ಬೆಳಗುತ್ತದೆ ಅಂತ ಐವತ್ತು ದಾಟಿದ ಮೇಲೆ ತಿಳಿಯಿತು. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯುತ್ತ, ಗೆರೆಗೊಂದರಂತೆ ಮೂರು ಕೃಪೆ ನೆನೆಯುವುದು ನನ್ನ ರೂಢಿ. ನೀರು ಬಂತು. ಹಾಲು ಒಡೆಯಲಿಲ್ಲ. ಮೂರನೆಯದು ಎಷ್ಟೋ ದಿನ ಆ ಹಳದಿ ಬಟನ್ನೇ ಆಗಿತ್ತು.

ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಿಂದ ಅನನ್ಯ ಅನ್ನುವ ಹುಡುಗಿ ಬಂದಳು. ಆ ಆ್ಯಪ್ ಮಾಡುವ ಕಂಪನಿಯವಳು. ಆ್ಯಪನ್ನು ಪೂರ್ತಿ ಹೊಸದಾಗಿ ಡಿಸೈನ್ ಮಾಡುತ್ತಿದ್ದಾರಂತೆ, ಬಳಸುವವರಿಗೆ ತೋರಿಸಿ ಅವರ ಅಭಿಪ್ರಾಯ ಕೇಳಬೇಕಂತೆ. ಜಮಖಂಡಿ, ಮುಧೋಳ, ಬೀಳಗಿ ಮುಗಿಸಿ ಕೊನೆಗೆ ನಮ್ಮಲ್ಲಿಗೆ. ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ನನ್ನನ್ನೂ ಸೇರಿಸಿ ಓಣಿಯ ಆರು ಮಂದಿ ಹೆಂಗಸರು ಕೂತೆವು.

ಬಂಗಾರದಂಥ ಹುಡುಗಿ. ಕಾಲು ತೊಳೆದು ಒಳಗೆ ಬಂದಳು, ಹಿರಿಯರ ಕಾಲು ಮುಟ್ಟಿದಳು. ಆಮೇಲೆ ತನ್ನ ಫೋನಿನಲ್ಲಿ ಹೊಸ ಡಿಸೈನ್ ತೋರಿಸಿದಳು. ಬಿಳಿ ಬಿಳಿ ಪರದೆ, ತಿಳಿ ನೀಲಿ ಮೋಡ, ಪಾಠದ ನಡುವೆ ಒಂದು ಅಳಿಲು ಬಂದು ಚಪ್ಪಾಳೆ ತಟ್ಟುತ್ತದೆ.

"ಹೇಗನ್ನಿಸ್ತಿದೆ ಆಂಟಿ? ಓಪನ್ ಆಗಿ ಹೇಳಿ."

"ಛಲೋ ಐತವಾ," ಅಂದೆ ನಾನು.

"ಛಲೋ ಐತ್ರಿ," ಅಂದರು ಉಳಿದವರು.

ನೀಲವ್ವ ಅತ್ತೆ ಎಲ್ಲರಿಗಿಂತ ಹಿರಿಯಳು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು. ಅವಳೂ ಫೋನನ್ನು ಮೂಗಿನ ತನಕ ತಂದು ನೋಡಿ, "ಭಾಳ ಛಲೋ ಐತಿ ತಂಗಿ, ಕಣ್ಣ ತಂಪಾದ್ವು" ಅಂದಳು.

ಆ ಹುಡುಗಿ ಎಲ್ಲರಿಗೂ ಮೂರು ಮೂರು ಸ್ಟಿಕ್ಕರ್ ಕೊಟ್ಟಳು. ಒಂದು ನಗುವ ಮುಖ, ಒಂದು ಸಪ್ಪೆ ಮುಖ, ಒಂದು ಅಳುವ ಮುಖ. ಮನಸ್ಸಿಗೆ ಬಂದದ್ದನ್ನು ಹಾಳೆಗೆ ಅಂಟಿಸಿ ಅಂದಳು. ಆರು ಮಂದಿಯೂ ನಗುವ ಮುಖ ಅಂಟಿಸಿದೆವು, ಅವಳು ಹಾಳೆ ಹಿಡಿಸಿ ನಮ್ಮ ಫೋಟೋ ತೆಗೆದಳು. ಉಳಿದ ಸ್ಟಿಕ್ಕರ್ ಹುಡುಗರಿಗಾದೀತು ಅಂತ ಸೆರಗಿಗೆ ಹಚ್ಚಿಕೊಂಡೆವು.

ಆಗ ಕಸ್ತೂರಿ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಪಿಸುಮಾತಿನಲ್ಲಿ, "ಅಕ್ಕಾರ, ಹಳದಿ ಬಟನ ಕಾಣವಲ್ದಲ್ರಿ" ಅಂದಳು.

ನಾನು ಏನು ಮಾಡಿದೆ? ಅವಳ ತೊಡೆ ಚಿವುಟಿದೆ.

"ಸುಮ್ಕ ಕುಂದ್ರಬೇ. ಅಷ್ಟ ದೂರದಿಂದ ಬಂದೈತಿ ಕೂಸು. ಮನಸ್ಸ ಯಾಕ ನೋಯಿಸ್ತಿ?"

ಕಸ್ತೂರಿ ಸುಮ್ಮನಾದಳು. ನಾನು ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದೆ. ಹೊರಡುವಾಗ ರವಿಕೆಗಾಗುವ ಕುಬಸದ ಕಣ ಇಟ್ಟು ಉಡಿ ತುಂಬಿದೆ. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ನನಗೆ ಪುಣ್ಯದ ಕೆಲಸ ಮಾಡಿದ ಹಾಗೆ ಅನ್ನಿಸಿತ್ತು.

ನಮ್ಮ ಕಡೆಯ ಮಂದಿಯ ಈ 'ಛಲೋ ಐತಿ' ನಿಮಗೆ ಗೊತ್ತೇ ಇದೆ. ಮನೆಗೆ ಬಂದವರು ತಂದದ್ದಕ್ಕೆ ಹೆಸರಿಡಬಾರದು. ಬೀಗರ ಮನೆಯ ಹೋಳಿಗೆ ಕಲ್ಲಿನಂತಿದ್ದರೂ ಛಲೋ ಐತಿ. ತೇರದಾಳದಿಂದ ಬರುವ ಬಸ್ಸಿನಲ್ಲಿ ಸೀಟಿನ ಕಬ್ಬಿಣ ಸೊಂಟಕ್ಕೆ ಚುಚ್ಚುತ್ತಿದ್ದರೂ, ಕಂಡಕ್ಟರ್ ಕೇಳಿದರೆ ಛಲೋ ಐತಿ. ಹೋದ ವರ್ಷ ಮುಧೋಳದ ಡಾಕ್ಟರ ಮುಂದೆ ಮೂರು ತಾಸು ಕಾದು ಒಳಗೆ ಹೋದೆ. ಅವರು "ಹೆಂಗದೀರಿ?" ಅಂದರು. ನಾನು "ಛಲೋ ಅದೀನ್ರಿ" ಅಂದೆ. ಛಲೋ ಇದ್ದವಳು ಮೂರು ತಾಸು ಯಾಕೆ ಕಾದೆ? ಡಾಕ್ಟರು ಕೇಳಲಿಲ್ಲ. ಅವರಿಗೂ ನಮ್ಮ ಊರಿನ ರೂಢಿ ಗೊತ್ತು.

ಬೆಂಗಳೂರಿನ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಹೊಸ ಆ್ಯಪ್ ಬಂತು. ಒಂದು ಬೆಳಿಗ್ಗೆ ಫೋನ್ ತೆಗೆದರೆ ತಾನಾಗಿಯೇ ಬದಲಾಗಿತ್ತು. ಕೇಳಲಿಲ್ಲ, ಹೇಳಲಿಲ್ಲ. ಮೋಡ ಬಂತು, ಅಳಿಲು ಬಂತು. ಹಳದಿ ಬಟನ್ ಹೋಗಿತ್ತು.

ಈಗ ಮೇಷ್ಟ್ರು ಹೇಳಿದ್ದನ್ನು ಮತ್ತೊಮ್ಮೆ ಕೇಳಬೇಕಾದರೆ ಪರದೆಯ ತುದಿಯಲ್ಲಿ ಕೂದಲೆಳೆಯಂಥ ಒಂದು ಗೆರೆ ಇದೆ. ಅದರ ಮೇಲಿನ ಸಾಸಿವೆ ಕಾಳಿನಂಥ ಚುಕ್ಕೆಯನ್ನು ಬೆರಳ ತುದಿಯಿಂದ ಹಿಡಿದು ಹಿಂದಕ್ಕೆ ಎಳೆಯಬೇಕು. ತುಸು ಹೆಚ್ಚು ಎಳೆದರೆ ನಿನ್ನೆಯ ಪಾಠ. ತುಸು ಕಡಿಮೆ ಎಳೆದರೆ ಅಳಿಲು. ಅದೂ ಸಾಲದು ಅಂತ ಐದು ನಿಮಿಷಕ್ಕೊಮ್ಮೆ ಪಾಠ ನಿಲ್ಲಿಸಿ ಕೇಳುತ್ತದೆ: 'ನೀವು ಇನ್ನೂ ಇದ್ದೀರಾ?'

"ಇಲ್ಲೇ ಸಾಯಾಕತ್ತೇನಿ. ಇನ್ನೆಲ್ಲಿ ಹೋಗ್ಲಿ?" ಅಂತ ಕಸ್ತೂರಿ ಅದಕ್ಕೆ ಉತ್ತರ ಕೊಡುತ್ತಿದ್ದಳು. ಅದಕ್ಕೆ ಬಾಯಿಮಾತಿನ ಉತ್ತರ ಸಾಲದು, ಬೆರಳು ಬೇಕು. ಬೆರಳು ಕೊಟ್ಟರೆ ನೂಲು ಹರಿಯುತ್ತದೆ. ಹರಿದದ್ದನ್ನು ಹುಡುಕಿ ಗಂಟು ಹಾಕುವಷ್ಟರಲ್ಲಿ ಮಗ್ಗದ ಗುಂಡಿಯಲ್ಲಿ ಕೂತ ಮಾವ ಕಂಡಿಕೆಗೆ ಕೂಗು ಹಾಕುತ್ತಾರೆ.

ಎರಡು ವಾರ ಹೆಣಗಿದಳು. ಒಂದು ಮಧ್ಯಾಹ್ನ ನಾನು ಬತ್ತಿಯ ಹತ್ತಿ ಹಿಡಿದುಕೊಂಡು ಹೋದರೆ ರಾಟಿಯ ಸದ್ದು ಮಾತ್ರ ಇತ್ತು. ಮೇಷ್ಟ್ರಿಲ್ಲ. ಡಬ್ಬಿ ಅಡುಗೆಮನೆಗೆ ಹೋಗಿತ್ತು.

"ಯಾಕ ಕಸ್ತೂರಿ, ಇವತ್ತ ಸಾಲಿ ಸೂಟಿಯೇನ?"

"ಬಿಟ್ಟೇನ್ರಿ ಅಕ್ಕಾರ."

"ಪರೀಕ್ಷೆಗೆ ಇನ್ನ ಹತ್ತ ವಾರ ಐತಿ. ಈಗ ಬಿಡ್ತಾರೇನ?"

ಅವಳು ತಲೆ ಎತ್ತಲಿಲ್ಲ. ನೂಲು ನೋಡುತ್ತಲೇ ಹೇಳಿದಳು: "ಹೊಸಾದು ಎಲ್ಲಾರಿಗೂ ಬರ್ತೈತಂತ್ರಿ. ನನಗ ಬರವಲ್ದು. ನನ್ನ ತಲಿನ ಮಂದ ಐತಿ ಬಿಡ್ರಿ. ಅದಕ್ಕ ಆವಾಗ ಸಾಲಿ ಬಿಡಿಸಿದ್ರೋ ಏನೋ."

ಓದುಗರೇ, ಇಲ್ಲಿ ನನ್ನ ಎದೆಗೆ ಹತ್ತಿಕೊಂಡಿತು. ಬಟನ್ ತೆಗೆದವರು ಯಾರೋ. ಬಟನ್ ಇಲ್ಲ ಅಂತ ಮೊದಲು ಕಂಡವಳು ಇವಳು. ಬಾಯಿ ಮುಚ್ಚಿಸಿದವಳು ನಾನು. ಮಂದ ಆದದ್ದು ಇವಳ ತಲೆಯೆ?

ಹದಿನೈದು ವರ್ಷದ ಹಿಂದೆ ಶಾಲೆ ಬಿಡಿಸಿದಾಗಲೂ ಯಾರೋ ಹಿರಿಯರು "ಛಲೋ ಆತು ಬಿಡು" ಅಂದಿರುತ್ತಾರೆ. ಈ ಸಲ ಆ ಹಿರಿಯಳು ನಾನೇ ಆಗಿದ್ದೆ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ನನ್ನ ಫೋನಿಗೂ ಅದೇ ಆ್ಯಪ್ ಇಳಿಸಿಕೊಂಡು ತೆಗೆದೆ. 'ನಿಮ್ಮ ಅಭಿಪ್ರಾಯ' ಅಂತ ಒಂದು ಜಾಗ ಸಿಕ್ಕಿತು. ಒಳಗೆ ಹೋದರೆ ಬರೆಯಲು ಜಾಗವೇ ಇಲ್ಲ, ಐದು ನಕ್ಷತ್ರ ಮಾತ್ರ. ನನ್ನ ಬೆರಳು ತಾನಾಗಿ ಐದನೆಯದನ್ನು ಒತ್ತಿತು. ಅಳಿಲು ಬಂದು ಧನ್ಯವಾದ ಹೇಳಿತು. ನೋಡಿ, ಈ ರೂಢಿ ಬೆರಳಿನ ತುದಿಯವರೆಗೆ ಇಳಿದಿದೆ.

ಕೊನೆಗೆ ಅನನ್ಯ ಬರೆದುಕೊಟ್ಟು ಹೋಗಿದ್ದ ನಂಬರಿಗೆ ಫೋನ್ ಮಾಡಿದೆ.

"ಅಯ್ಯೋ ಆಂಟಿ, ನೀವಾ? ನಿಮ್ಮನೆ ರೊಟ್ಟಿ ಇನ್ನೂ ಮರೆತಿಲ್ಲ. ಗೊತ್ತಾ, ನಿಮ್ಮ ಕಡೆಯ ಫೀಡ್‌ಬ್ಯಾಕೇ ಬೆಸ್ಟು. ಬೇರೆ ಕಡೆ ಎಲ್ಲ ಏನಾದ್ರೂ ತಕರಾರು ಬಂತು. ನಿಮ್ಮ ನಾಲ್ಕೂ ಊರಲ್ಲಿ ಒಂದೇ ಒಂದು ಕಂಪ್ಲೇಂಟ್ ಇಲ್ಲ. ನಿಮ್ಮೆಲ್ಲರ ಫೋಟೋ ಆಫೀಸ್ ಗೋಡೆಗೆ ಹಾಕಿದೀವಿ."

ಗೋಡೆಗೆ ಹಾಕಿದ್ದಾರಂತೆ. ನಾವು ಆರು ಮಂದಿ, ಕೈಯಲ್ಲಿ ನಗುವ ಮುಖದ ಹಾಳೆ. ಅಲ್ಲಿ ಕೂತವರು ಆ ಫೋಟೋ ನೋಡಿ 'ಹಳ್ಳಿಯ ಹೆಂಗಸರಿಗೂ ಹಿಡಿಸಿದೆ' ಅಂತ ಮುಂದೆ ಹೋಗಿದ್ದಾರೆ. ಬೀಳಗಿ ತಾಲೂಕಿನ ಅನಗವಾಡಿಗೆ ಕೊಟ್ಟ ನನ್ನ ತಂಗಿಗೆ ಕೇಳಿದೆ, ಅಲ್ಲಿ ಏನು ಹೇಳಿದಿರಿ ಅಂತ. ಅವಳು ಅಂದಳು, "ಮತ್ತೇನ ಹೇಳ್ಬೇಕಿತ್ತಕ್ಕಾ? ಛಲೋ ಐತಿ ಅಂದ್ವಿ. ಮೊಸರ ಹಾಕಿ ಊಟ ಮಾಡಿಸಿ ಕಳಿಸಿದ್ವಿ."

ಅನನ್ಯಳಿಗೆ ಹೇಗೂ ಆ ವಾರ ಜಮಖಂಡಿಗೆ ಬರುವುದಿತ್ತು. ಒಂದು ತಾಸು ನಮ್ಮಲ್ಲಿಗೂ ಬಾ ಅಂದೆ. ಬಂದಳು. ಚಹಾ ಕೊಟ್ಟೆ. ಶುರುವಿನಲ್ಲಿ ಬರೆದೆನಲ್ಲ, ಆ ಮಾತು ಹೇಳಿದೆ.

ಒಳಗಿನ ಕೆಮ್ಮು ಈಗ ಹೊರಗೆ ಬಂತು. "ಮನಿಗೆ ಬಂದ ಮಂದಿಗೆ ಹಂಗ ಅಂತಾರೇನ?" ಅಂದರು ನಮ್ಮ ಮನೆಯವರು.

"ಹೋದ ಮ್ಯಾಲ ಅಂದ್ರ ಅದು ಚಾಡಿ ಆಗತೈತ್ರಿ," ಅಂದೆ.

ಅವರು ಮತ್ತೆ ಒಳಗೆ ಹೋದರು. ಇದೂ ಒಂದು ಕೃಪೆ.

ಅನನ್ಯಳ ಮುಖ ಸಣ್ಣದಾಯಿತು. "ಅವತ್ತು ಯಾಕೆ ಹೇಳಲಿಲ್ಲ ಆಂಟಿ? ಅಷ್ಟು ಸಲ ಕೇಳಿದೆ. ನೀವು ಹೇಳದಿದ್ರೆ ನಮಗೆ ಹೇಗೆ ಗೊತ್ತಾಗತ್ತೆ?"

ಖರೆ. ತಪ್ಪಾಯಿತು ಅಂದೆ. ಅರ್ಧ ತಪ್ಪು ನನ್ನದು. ಉಳಿದರ್ಧವನ್ನೂ ಅಲ್ಲೇ ಅವಳ ಮುಂದಿಟ್ಟೆ.

"ನೀ ಹೆಂಗೈತಿ ಅಂತ ಕೇಳಿದಿ ತಂಗಿ. ನೀವು ಹೆಂಗ ಕಲೀತೀರಿ ಅಂತ ಕೇಳಲಿಲ್ಲ. ಕೇಳಿದ್ರ ಸೀದಾ ಕಸ್ತೂರಿ ರಾಟಿ ಮುಂದ ಕರ್ಕೊಂಡ ಹೋಗ್ತಿದ್ದೆ."

"ನಾವು ಸಿಂಪಲ್ ಮಾಡಿದ್ದೀವಿ ಆಂಟಿ. ಕ್ಲೀನ್ ಆಗಿ ಕಾಣಲಿ ಅಂತ. ಆ ಬಟನ್ ಬಳಸೋರು ತುಂಬಾ ಕಡಿಮೆ ಇದ್ರು."

ಕ್ಲೀನ್. ಒಲೆ ತೆಗೆದು ಹಾಕಿದರೆ ಅಡುಗೆಮನೆಯೂ ಕ್ಲೀನ್ ಕಾಣುತ್ತದೆ.

"ಬಾ ಇಲ್ಲೆ. ನಮ್ಮ ಹಿತ್ತಲ ಬಾಗಿಲ ನೋಡು," ಅಂದೆ. "ನಮ್ಮ ಮನಿಗೆ ಬರೋ ಮಂದಿ ಯಾರೂ ಇದರಾಗ ಬರಂಗಿಲ್ಲ. ಇಡೀ ದಿನ ಎಣಿಸಿದ್ರ ನಾ ಒಬ್ಬಾಕಿನ ಇದರಾಗ ಅಡ್ಡಾಡಾಕಿ. ಹಂಗಂತ ಗೋಡಿ ಕಟ್ಟಿಬಿಟ್ರ ನೀರ ಎಲ್ಲಿಂದ ತರ್ಲಿ?"

ಅವಳು ಬಾಗಿಲ ತನಕ ಹೋಗಿ ಹೊರಗೆ ಇಣುಕಿದಳು. ಕೈ ಹಿಡಿದು ಪಕ್ಕದ ಮನೆಗೆ ಕರೆದುಕೊಂಡು ಹೋದೆ.

ಕಸ್ತೂರಿ ರಾಟಿಯ ಮುಂದೆ ಇದ್ದಳು. ನಮ್ಮನ್ನು ನೋಡಿ ಎದ್ದು ಚಾಪೆ ಹಾಸಿದಳು. ನೀರು ತಂದಳು. ಅನನ್ಯ ತಾನಾಗಿಯೇ ಕೇಳಿದಳು, "ಹೊಸ ಆ್ಯಪ್ ಹೇಗಿದೆ ಅಕ್ಕ? ನಿಜ ಹೇಳಿ."

ಬನಹಟ್ಟಿಯ ಕಸ್ತೂರಿ ಸೆರಗು ಸರಿಮಾಡಿಕೊಂಡು ಏನಂದಳು?

"ಛಲೋ ಐತ್ರಿ ಮೇಡಮ್ಮಾರ."

ನನಗೆ ಅಲ್ಲೇ ಇದ್ದ ಲಡಿ ತೆಗೆದುಕೊಂಡು ಹಣೆ ಹಣೆ ಬಡಿದುಕೊಳ್ಳಬೇಕು ಅನ್ನಿಸಿತು. ಗಂಡನ ಮಾತು ಮೀರಿ, ಅತಿಥಿಗೆ ಎದುರಾಡಿ, ಇವಳಿಗಾಗಿ ಇಷ್ಟೆಲ್ಲ ಮಾಡಿದರೆ ಇವಳೇ ನನ್ನನ್ನು ಸುಳ್ಳಿ ಮಾಡಿದಳು. ಆದರೆ ಬೈಯಲು ಬಾಯಿ ಬರಲಿಲ್ಲ. ಅವಳ ತೊಡೆ ಚಿವುಟಿದ ಬೆರಳು ಯಾವುದು?

ಆಗ ಅನನ್ಯ ಒಂದು ಕೆಲಸ ಮಾಡಿದಳು. ಅದಕ್ಕಾಗಿ ಅವಳಿಗೆ ನನ್ನ ಆಶೀರ್ವಾದ ಇದೆ. "ನಾನು ಕೂತ್ಕೊಳ್ಳಲಾ ಇಲ್ಲಿ?" ಅಂತ ಕೇಳಿ ರಾಟಿಯ ಮುಂದೆ ಕೂತಳು. ಕಸ್ತೂರಿ ಅವಳ ಎಡಗೈಗೆ ನೂಲು ಕೊಟ್ಟಳು, ಬಲಗೈ ರಾಟಿಯ ಮೇಲೆ ಇಟ್ಟಳು. ನಾನು ಒಳಗಿನಿಂದ ಹಿಟ್ಟಿನ ಡಬ್ಬಿ ತಂದು ಅವಳದೇ ಫೋನ್ ಮಲಗಿಸಿ ಪಾಠ ಹಚ್ಚಿದೆ.

ಮೇಷ್ಟ್ರು ತ್ರಿಭುಜ ಶುರು ಮಾಡಿದರು. ಅನನ್ಯ ತಿರುಗಿಸಿದಳು. ನೂಲು ಹರಿಯಿತು. ಗಂಟು ಹಾಕಿ ಮತ್ತೆ ತಿರುಗಿಸಿದಳು.

"ಈಗ ಮೇಷ್ಟ್ರು ಹೇಳಿದ್ದನ್ನ ಹೊಳ್ಳಿ ಕೇಳು ನೋಡೋಣ," ಅಂದೆ.

ಅವಳು ಫೋನಿನತ್ತ ನೋಡಿದಳು. ಬಲಗೈ ಬಿಟ್ಟಳು, ರಾಟಿ ನಿಂತಿತು. ಎಡಗೈ ಬಿಟ್ಟಳು, ನೂಲು ಹರಿಯಿತು. ಮೂರನೆಯ ಸಲ ಮೂಗಿನಿಂದ ಒತ್ತಲು ಹೋದಳು. ಅಳಿಲು ಬಂದು ಚಪ್ಪಾಳೆ ತಟ್ಟಿತು. ಆಮೇಲೆ ಪರದೆ ಕೇಳಿತು: 'ನೀವು ಇನ್ನೂ ಇದ್ದೀರಾ?'

ಮಗ್ಗದ ಕಡೆಯಿಂದ ಮಾವ, "ಕಂಡಿಕಿ ಎಲ್ಲಿ ಬೇ?" ಅಂತ ಕೂಗಿದರು.

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತ ಬಂದು ಅನನ್ಯಳ ಪಕ್ಕ ಕೂತು, ಹರಿದ ನೂಲು ಬಿಡಿಸುತ್ತ, ಯಾರಿಗೂ ಅಲ್ಲ ಅನ್ನುವಂತೆ ಹೇಳಿದಳು:

"ಹಿಂಗ ಆಗತೈತ್ರಿ ನನಗೂ. ಮೊದಲಿಂದು ಇತ್ತಲ್ರಿ ಹಳದಿದು, ಅದನ್ನ ಮೊಣಕೈಲೆ ಒತ್ತತಿದ್ದೆ. ಹಿಂಗ." ತೋರಿಸಿದಳು. ಮೊಣಕೈ ಇಳಿಯಿತು, ಏರಿತು. ಕೈಯ ನೂಲು ಅಲುಗಲಿಲ್ಲ. "ಹೊಸಾದ್ರಾಗ ಮೊಣಕೈಗೆ ಏನೂ ಇಲ್ರಿ. ಎಲ್ಲಾ ಬೆರಳಿಗೆ ಐತಿ. ಬೆರಳ ನನ್ನವಲ್ರಿ, ನೂಲಿನವು."

ಅನನ್ಯ ತನ್ನ ಮೊಣಕೈಯನ್ನೂ ಹಾಗೇ ಇಳಿಸಿ ನೋಡಿದಳು.

ಆ್ಯಪ್ ಮಾಡಿದವರ ಕಣ್ಣಿನಲ್ಲಿ ಕಲಿಯುವವಳ ಎರಡೂ ಕೈ ಖಾಲಿ ಇರುತ್ತವೆ. ಎಲ್ಲಿದ್ದಾಳೆ ಅಂಥ ಹೆಣ್ಣುಮಗಳು? ರೊಟ್ಟಿ ಬಡಿಯುವವಳ ಕೈಗೆ ಹಿಟ್ಟು ಹತ್ತಿರುತ್ತದೆ. ಎಮ್ಮೆ ಹಿಂಡುವವಳ ಕೈ ಕೆಚ್ಚಲಲ್ಲಿ ಇರುತ್ತದೆ. ಕೂಸು ಎತ್ತಿಕೊಂಡವಳಿಗೆ ಒಂದೇ ಕೈ. ಪೂಜೆಗೆ ಕೂತಾಗ ಮಾತ್ರ ನನ್ನ ಕೈ ಖಾಲಿ, ಆಗಲೂ ಅಂಗೈ ಮೇಲೆ ಲಿಂಗ ಇರುತ್ತದೆ. ಎರಡೂ ಕೈ ಖಾಲಿಯಾಗಲಿ, ಆಮೇಲೆ ಕಲಿತೇನು ಅಂತ ಕೂತರೆ ಕಸ್ತೂರಿ ಯಾವ ಜನ್ಮದಲ್ಲಿ ಪಾಸಾಗಬೇಕು?

ಅನನ್ಯ ತನ್ನ ಚೀಲದಿಂದ ಅದೇ ಸ್ಟಿಕ್ಕರ್ ಹಾಳೆ ತೆಗೆದಳು. ಕಸ್ತೂರಿಯ ಮುಂದೆ ಹಿಡಿದಳು. "ಈಗ ಅಂಟಿಸಿ ಅಕ್ಕ. ಎಲ್ಲಿ ಬೇಕಾದ್ರೂ."

ಕಸ್ತೂರಿ ನನ್ನ ಮುಖ ನೋಡಿದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. (ಚಿವುಟುವ ಕೈ ಅದು. ನಂಬುವ ಹಾಗಿಲ್ಲ.)

ಅವಳು ಅಳುವ ಮುಖ ಬಿಡಿಸಿದಳು. ಹಾಳೆಗೆ ಅಂಟಿಸಲಿಲ್ಲ. ಅನನ್ಯಳ ಫೋನ್ ಎತ್ತಿಕೊಂಡು ಅದರ ಗಾಜಿನ ಮೇಲೆ, ಕೆಳಗಡೆ, ಸರಿಯಾಗಿ ಹಳದಿ ಬಟನ್ ಇದ್ದ ಜಾಗದಲ್ಲಿ ಅಂಟಿಸಿ ಮೊಣಕೈಯಿಂದ ಒತ್ತಿದಳು.

"ಇಲ್ಲಿ ಛಲೋ ಇಲ್ರಿ," ಅಂದಳು.

ಮೆಲ್ಲಗೇ ಅಂದಳು. ಆದರೆ ಮಗ್ಗದ ಗುಂಡಿಯಲ್ಲಿ ಸದ್ದು ನಿಂತಿತು. ಮಾವ ಕತ್ತು ಹೊರಗೆ ಹಾಕಿ ನೋಡಿದರು. ಆ ಮನೆಯಲ್ಲಿ ಅವಳ ಬಾಯಿಂದ ಆ ಮಾತು ಅವರೂ ಮೊದಲ ಸಲ ಕೇಳಿರಬೇಕು.

ಅನನ್ಯ ಸ್ಟಿಕ್ಕರ್ ಕೀಳಲಿಲ್ಲ. "ಹೀಗೇ ಆಫೀಸಿಗೆ ತಗೊಂಡು ಹೋಗ್ತೀನಿ. ಮೀಟಿಂಗ್‌ನಲ್ಲಿ ಇಡ್ತೀನಿ. ಆದ್ರೆ ಆಂಟಿ, ಗ್ಯಾರಂಟಿ ಕೊಡಕ್ಕಾಗಲ್ಲ, ನನ್ನ ಮೇಲೆ ಇನ್ನೂ ಜನ ಇದಾರೆ" ಅಂದಳು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಈ ಸಲವೂ ಉಡಿ ತುಂಬಿದೆ. ತಕರಾರು ಬೇರೆ, ಉಡಿ ಬೇರೆ.

"ಆ ಗೋಡಿ ಮ್ಯಾಲಿನ ಫೋಟೋ ತಗಸು ಮೊದಲ," ಅಂತಲೂ ಹೇಳಿ ಕಳಿಸಿದೆ.

ಇದನ್ನು ಬರೆಯುವ ಹೊತ್ತಿಗೆ ಹಳದಿ ಬಟನ್ ಬಂದಿಲ್ಲ. ಬಂದರೂ ಎಂದು ಬರುತ್ತದೋ, ಪರೀಕ್ಷೆ ಕಾಯುತ್ತದೆಯೆ? ಅದಕ್ಕೇ ಈಗ ಆ ಹಳದಿ ಬಟನ್ ನಾನೇ. ದಿನಾ ಮಧ್ಯಾಹ್ನ ಕಸ್ತೂರಿಯ ಎಡಗಡೆ ಕೂರುತ್ತೇನೆ. ಡಬ್ಬಿಯ ಮೇಲಿನ ಫೋನಿನ ಸಾಸಿವೆ ಕಾಳು ಎಳೆಯುವುದು ನನ್ನ ಕೆಲಸ. ಅವಳಿಗೆ ತಿಳಿಯದಿದ್ದಾಗ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿಯುತ್ತಾಳೆ. ನಾನು ಮೇಷ್ಟ್ರನ್ನು ಹಿಂದಕ್ಕೆ ಎಳೆದು ತರುತ್ತೇನೆ. 'ನೀವು ಇನ್ನೂ ಇದ್ದೀರಾ' ಅಂದರೆ ಇದ್ದೇವೆ ಅಂತ ಒತ್ತುತ್ತೇನೆ. ಬತ್ತಿ ಹೊಸೆಯುವುದು ಬೆಳಗಿನ ಹೊತ್ತಿಗೆ ಹೋಗಿದೆ. ದೇವರು ಏನೂ ಅಂದುಕೊಳ್ಳಲಿಕ್ಕಿಲ್ಲ. ಅಂದುಕೊಂಡರೆ ನನಗೇ ಹೇಳಲಿ, ಮನಸ್ಸಿನಲ್ಲಿಟ್ಟುಕೊಳ್ಳುವುದು ಬೇಡ.

ಬೆಳಗಿನ ಪೂಜೆಯೂ ತುಸು ಬದಲಾಗಿದೆ. ಎರಡು ಗೆರೆಗೆ ಎರಡು ಕೃಪೆ ನೆನೆಯುತ್ತೇನೆ. ಮೂರನೆಯ ಗೆರೆ ಎಳೆಯುವಾಗ ಛಲೋ ಇಲ್ಲದ್ದು ಒಂದು ಹೇಳುತ್ತೇನೆ. ಇಷ್ಟು ವರ್ಷ ಅಂಗೈ ಮೇಲೆ ಕೂತವನಿಗೂ ಡಾಕ್ಟರಿಗೆ ಹೇಳಿದ ಹಾಗೆ 'ಛಲೋ ಅದೀನಿ' ಅಂತಲೇ ಹೇಳುತ್ತ ಬಂದಿದ್ದೆನಲ್ಲ, ಪಾಪ, ಅವನಿಗೆ ತಾನೇ ಹೇಗೆ ಗೊತ್ತಾಗಬೇಕು?

ಕಸ್ತೂರಿಯ ನಾಲಿಗೆಯೂ ಸಡಿಲಾಗಿದೆ. ಮೊನ್ನೆ ನನ್ನ ಪುಂಡಿಪಲ್ಯ ಬಾಯಿಗಿಟ್ಟುಕೊಂಡು, "ಉಪ್ಪ ಕಡಿಮಿ ಆಗೇತ್ರಿ ಅಕ್ಕಾರ" ಅಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಉಪ್ಪು ಹಾಕಿದೆ.

ನಿನ್ನೆ ಮಧ್ಯಾಹ್ನ ಪಾಠದ ನಡುವೆ ಮೇಷ್ಟ್ರು ಮಾಯವಾದರು. ಪರದೆಯ ತುಂಬ ಮೋಡ ಬಂತು. 'ನಮ್ಮ ಹೊಸ ರೂಪ ನಿಮಗೆ ಹೇಗನ್ನಿಸಿತು?' ಕೆಳಗೆ ಐದು ನಕ್ಷತ್ರ. ಒಂದೊಂದೂ ಬೆಲ್ಲದ ಅಚ್ಚಿನಷ್ಟು ದೊಡ್ಡದು. ಪಾಠ ಕೇಳುವ ಬಟನ್ ಸಾಸಿವೆ ಕಾಳು. ಹೊಗಳಿಕೆ ಕೇಳುವ ಬಟನ್ ಮಾತ್ರ ಬೆಲ್ಲದ ಅಚ್ಚು.

ಮುಚ್ಚೋಣ ಅಂತ ಬೆರಳು ಚಾಚಿದೆ.

"ತಡೀರಿ ಅಕ್ಕಾರ," ಅಂದಳು ಕಸ್ತೂರಿ. "ಅದು ನನ್ನ ಕೇಳಾಕತ್ತೈತಿ."

ರಾಟಿ ನಿಲ್ಲಿಸಲಿಲ್ಲ. ನೂಲು ಬಿಡಲಿಲ್ಲ. ಎಡ ಮೊಣಕೈ ಇಳಿಸಿದಳು. ನಾಲ್ಕನೆಯ ನಕ್ಷತ್ರಕ್ಕೆ ಬಿತ್ತು. ನಾಲ್ಕೂ ಹೊಳೆದವು. ಇರಲಿ ಬಿಡು ಅನ್ನಬಹುದಿತ್ತು, ನಾಲ್ಕೇನು ಕೆಟ್ಟದ್ದಲ್ಲ. ಅವಳು ತುಸು ಸರಿದು ಕೂತಳು. ಮತ್ತೆ ಇಳಿಸಿದಳು, ಎರಡು. ಹಲ್ಲು ಕಚ್ಚಿ ಇನ್ನೊಂದು ಬೆರಳಿನಷ್ಟು ಎಡಕ್ಕೆ ಸರಿದಳು.

ಒಂದೇ ಒಂದು ನಕ್ಷತ್ರವನ್ನು ಇಷ್ಟು ಶ್ರದ್ಧೆಯಿಂದ ಈ ಲೋಕದಲ್ಲಿ ಬೇರೆ ಯಾರಾದರೂ ಕೊಟ್ಟಿದ್ದಾರೆಯೆ?